ಗಂಜಿಗಿಂತ ನೀರು ದೊಡ್ಡ ದಾನ ಎಂದು ನಂಬಿದ್ದ ಕಾಟನ್ ದೊರೆ: ಆಂಧ್ರದ ಎರಡು ನದಿಗಳಿಗೆ ಅಣೆಕಟ್ಟು ಬಂದ ಕಥೆ

ವಿಜಯವಾಡದ ಕನಕದುರ್ಗಮ್ಮನ ದರ್ಶನಕ್ಕೆ ಹೋದವರು ಪ್ರಕಾಶಂ ಬ್ಯಾರೇಜ್ ನೋಡದೆ ಬರುವುದು ಕಡಿಮೆ. ಈ ಬ್ಯಾರೇಜ್ ಕಟ್ಟಿದ್ದು 1950ರ ದಶಕದಲ್ಲಿ. ಅದಕ್ಕೂ ನೂರು ವರ್ಷ ಮೊದಲೇ, 1855ರಲ್ಲಿ, ಅಲ್ಲಿ ಕೃಷ್ಣೆಗೆ ಅಡ್ಡಲಾಗಿ ಒಂದು ಅಣೆಕಟ್ಟು ಎದ್ದಿತ್ತು. ಅದರ ಹಿಂದೆ ಇದ್ದದ್ದು ಬೈಬಲ್ಲನ್ನು ಬಿಡದೆ ಓದುತ್ತಿದ್ದ ಒಬ್ಬ ಬ್ರಿಟಿಷ್ ಎಂಜಿನಿಯರ್‌ನ ಹಠ. ಹೆಸರು ಸರ್ ಆರ್ಥರ್ ಕಾಟನ್.

1803ರ ಮೇ 15ರಂದು ಇಂಗ್ಲೆಂಡ್‌ನ ದೊಡ್ಡ ಕುಟುಂಬವೊಂದರಲ್ಲಿ ಹುಟ್ಟಿದ ಕಾಟನ್, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಎಂಜಿನಿಯರ್ ಪಡೆ ಸೇರಿ 1821ರಲ್ಲಿ ಭಾರತಕ್ಕೆ ಬಂದರು. ಮೊದಲನೇ ಬರ್ಮಾ ಯುದ್ಧದಲ್ಲೂ ಇದ್ದರು. ಯೌವನದಲ್ಲೇ ಕ್ರೈಸ್ತ ಧರ್ಮದ ಕಡೆ ಗಾಢವಾಗಿ ವಾಲಿದ ಅವರಿಗೆ, ಹಸಿದವರ ಮುಂದೆ ಸುಮ್ಮನೆ ಕೂರುವುದು ದೇವರ ಎದುರು ಮಾಡುವ ತಪ್ಪಾಗಿ ಕಂಡಿತು. ಆದರೆ ಅವರ ಕೈಯಲ್ಲಿದ್ದದ್ದು ಎಂಜಿನಿಯರ್ ವಿದ್ಯೆ ಮಾತ್ರ. ಕೊಡುವುದಾದರೆ ಅದನ್ನೇ ಕೊಡಬೇಕಿತ್ತು.

ಮೊದಲು ಪಾಠ ಕಲಿಸಿದ್ದು ಕಾವೇರಿ. ತಂಜಾವೂರಿನ ಕಡೆ ಕೊಳ್ಳಿಡಂ ನದಿಗೆ ಅಣೆಕಟ್ಟು ಕಟ್ಟುವಾಗ ಅವರು ಚೋಳರ ಕಾಲದ ಕಲ್ಲಣೈಯನ್ನು ಕೂಲಂಕಷವಾಗಿ ನೋಡಿದರು. ತಳವೇ ಸಿಗದ ಸಡಿಲ ಮರಳಿನ ಮೇಲೆ ಅಡಿಪಾಯ ನಿಲ್ಲಿಸುವ ಗುಟ್ಟನ್ನು ತಾನು ಕಲಿತದ್ದು ಆ ಹಳೆಯ ಕಟ್ಟಡದಿಂದಲೇ ಎಂದು ಕೊನೆಯವರೆಗೂ ಒಪ್ಪಿಕೊಂಡರು. ಹಿಂದಿನ ರಾಜರು ಕಟ್ಟಿದ ಕೆರೆ ಕಾಲುವೆಗಳನ್ನು ರಿಪೇರಿ ಮಾಡುವಷ್ಟೂ ಯೋಗ್ಯತೆ ಇಲ್ಲದ, ಯುದ್ಧ ಮಾತ್ರ ಬಲ್ಲ ಜನ ಎಂದು ಇಲ್ಲಿನವರು ಬ್ರಿಟಿಷರನ್ನು ಭಾವಿಸುತ್ತಾರೆ ಎಂದು ತಮ್ಮದೇ ಸರ್ಕಾರಕ್ಕೆ ಬರೆದು ಚುಚ್ಚಿದ್ದೂ ಇದೆ. ಮೇಲಧಿಕಾರಿಗಳಿಗೆ ಅವರನ್ನು ಕಂಡರೆ ಆಗದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆರೋಗ್ಯ ಕೆಟ್ಟು ರಜೆ ಮೇಲೆ ಹೋಗಿ, ಮದುವೆಯಾಗಿ ಮರಳಿದ ಕಾಟನ್ ಅವರನ್ನು ವಿಶಾಖಪಟ್ಟಣಕ್ಕೆ ಹಾಕಲಾಯಿತು. ಅಲ್ಲಿ ಒಂದು ಚರ್ಚ್ ಕಟ್ಟಿಸಿದರು. ಊರಿನ ದಡವನ್ನು ಸಮುದ್ರ ಕೊರೆಯದಂತೆ ಕಲ್ಲಿನ ತಡೆಗಳನ್ನು ಹಾಕಿಸಿದರು. ನಂತರ ಅವರ ಗಮನ ದಕ್ಷಿಣಕ್ಕೆ, ಗೋದಾವರಿಯ ಕಡೆಗೆ ತಿರುಗಿತು.

ಅಲ್ಲಿನ ಸ್ಥಿತಿ ಹೇಗಿತ್ತು ಗೊತ್ತೇ? 1833ರ ಆಸುಪಾಸಿನ ಭೀಕರ ಬರದಲ್ಲಿ ಗುಂಟೂರು ಜಿಲ್ಲೆಯೊಂದರಲ್ಲೇ 5 ಲಕ್ಷ ಜನರಲ್ಲಿ ಸುಮಾರು 2 ಲಕ್ಷ ಮಂದಿ ಸತ್ತರು ಎಂಬ ಅಂದಾಜಿದೆ. 1839ರಲ್ಲಿ ಚಂಡಮಾರುತ ಕರಾವಳಿಯನ್ನು ಕೊಚ್ಚಿಹಾಕಿತು. ರಾಜಮಹೇಂದ್ರಿ ಜಿಲ್ಲೆಯ ಜನಸಂಖ್ಯೆ 1821ರಲ್ಲಿ 7.38 ಲಕ್ಷ ಇದ್ದದ್ದು 1841ಕ್ಕೆ 5.61 ಲಕ್ಷಕ್ಕೆ ಕುಸಿದಿತ್ತು. ಇಷ್ಟೆಲ್ಲ ನಡೆಯುವಾಗಲೂ ಗೋದಾವರಿ ಪಕ್ಕದಲ್ಲೇ ತುಂಬಿ ಹರಿದು ಸಮುದ್ರ ಸೇರುತ್ತಿತ್ತು. ಜನ ಸತ್ತದ್ದು ನೀರಿಲ್ಲದೆ ಅಲ್ಲ, ನೀರನ್ನು ಹೊಲಕ್ಕೆ ಹತ್ತಿಸುವವರಿಲ್ಲದೆ. ಬರ ಬಂದ ಮೇಲೆ ಗಂಜಿ ಕೇಂದ್ರ ತೆರೆಯುವುದು ದಾನವಲ್ಲ, ಬರ ಬಾರದಂತೆ ನೋಡಿಕೊಳ್ಳುವುದೇ ಕ್ರೈಸ್ತ ಸರ್ಕಾರ ಎನಿಸಿಕೊಂಡವರ ಕರ್ತವ್ಯ ಎಂಬ ಕಾಟನ್ ವಾದ ಹುಟ್ಟಿದ್ದು ಇಂಥ ಸಾವುಗಳಿಂದ.

ಧವಳೇಶ್ವರಂ ಬಳಿ ಅಣೆಕಟ್ಟು ಕಟ್ಟಲು ವರದಿ ಕೊಟ್ಟ ಅವರು 6 ಎಂಜಿನಿಯರ್‌ಗಳು, 8 ಕಿರಿಯ ಸಹಾಯಕರು, 2,000 ಗಾರೆ ಕೆಲಸದವರನ್ನು ಕೇಳಿದರು. ಸಿಕ್ಕಿದ್ದು ಅನುಭವವಿಲ್ಲದ ಬೆರಳೆಣಿಕೆಯ ಜನ. ಕಂಪನಿ ಒಪ್ಪಿದ್ದು ಕೂಡ ಕರುಣೆಯಿಂದೇನೂ ಅಲ್ಲ. ನೀರು ಬಂದರೆ ಬೆಳೆ, ಬೆಳೆ ಬಂದರೆ ಕಂದಾಯ ಎಂಬ ಲೆಕ್ಕ ಅದರದ್ದು. ಆ ಲೆಕ್ಕವನ್ನು ತೋರಿಸಿಯೇ ಕಾಟನ್ ಅದರ ಕೈಯಿಂದ ಹಣ ಬಿಡಿಸಿದರು. ರೈತ ಮುಂದೆ ಆ ನೀರಿಗೆ ತೆರಿಗೆ ಕಟ್ಟಿದ ಎಂಬುದನ್ನೂ ಮರೆಯುವಂತಿಲ್ಲ.

1847ರಲ್ಲಿ ಕೆಲಸ ಶುರುವಾಯಿತು. ನಾಲ್ಕು ಕವಲುಗಳಲ್ಲಿ ಹರಿಯುವ ನದಿಗೆ ಅಡ್ಡಲಾಗಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಕಲ್ಲು ಹಾಕಬೇಕಿತ್ತು. ಕೆಲವೇ ತಿಂಗಳಲ್ಲಿ ಹತ್ತು ಸಾವಿರದಷ್ಟು ಕೂಲಿಕಾರರು ಸೇರಿದರು. ನದಿ ದಂಡೆಯ ಬಿಸಿಲು ಕಾಟನ್ ಅವರನ್ನು ಮತ್ತೆ ಹಾಸಿಗೆ ಹಿಡಿಸಿತು. ನಡುವೆ ಅವರು ರಜೆ ಮೇಲೆ ಹೋಗಬೇಕಾಗಿ ಬಂದಾಗ ಕ್ಯಾಪ್ಟನ್ ಓರ್ ಕೆಲಸ ಮುಂದುವರಿಸಿದರು. 1852ರಲ್ಲಿ ಅಣೆಕಟ್ಟು ಮುಗಿಯಿತು.

ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಎರಡು ಗುಡ್ಡಗಳ ನಡುವೆ ಕೃಷ್ಣಾ ಅಣೆಕಟ್ಟಿನ ಕೆಲಸ ಆರಂಭವಾದದ್ದು ಅದೇ ವರ್ಷ. ಬೆನ್ನುಹತ್ತಿ ಒತ್ತಾಯಿಸಿದವರು ಕಾಟನ್, ನಿಂತು ಕಟ್ಟಿಸಿದವರು ಓರ್. ಮೂರೇ ವರ್ಷದಲ್ಲಿ ಅದೂ ಮುಗಿಯಿತು. ಬರದ ನಾಡಾಗಿದ್ದ ಮುಖಜ ಭೂಮಿ ಭತ್ತದ ಕಣಜವಾಯಿತು.

ಎಲ್ಲವೂ ಗೆಲುವಲ್ಲ. ನಮ್ಮ ತುಂಗಭದ್ರೆಯ ನೀರನ್ನು ಸುಂಕೇಸುಲದಿಂದ ಕರ್ನೂಲು, ಕಡಪ ಕಡೆಗೆ ಒಯ್ಯುವ ಕಾಲುವೆ ಅವರ ಯೋಜನೆಯಿಂದಲೇ ಹುಟ್ಟಿದ್ದು. ಆದರೆ ಅದನ್ನು ಕಟ್ಟಿದ ಖಾಸಗಿ ಕಂಪನಿ ನಷ್ಟದಲ್ಲಿ ಮುಳುಗಿ, 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ವಿರೋಧಿಗಳಿಗೆ ಒಳ್ಳೆಯ ಅಸ್ತ್ರ ಸಿಕ್ಕಿತು. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ ನಿವೃತ್ತ ಕಾಟನ್ ಇಂಗ್ಲೆಂಡ್‌ನಲ್ಲಿ ಮತ್ತೆ ದನಿ ಎತ್ತಿದರು. ರೈಲಿಗೆ ಸುರಿಯುವ ಹಣ ಕಾಲುವೆಗೆ ಯಾಕಿಲ್ಲ ಎಂಬುದು ಅವರ ಪ್ರಶ್ನೆ. 1878ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ನಿಂತು, 75ರ ವಯಸ್ಸಿನಲ್ಲಿ ತಮ್ಮ ಯೋಜನೆಗಳನ್ನು ಸಮರ್ಥಿಸಿಕೊಳ್ಳಬೇಕಾಯಿತು. ಸಮಿತಿ ಅವರ ಪರ ನಿಲ್ಲಲಿಲ್ಲ.

ಡಾರ್ಕಿಂಗ್ ಎಂಬ ಊರಲ್ಲಿ ನೆಲೆಸಿದ ಮೇಲೂ ಅವರು ಸುಮ್ಮನಿರಲಿಲ್ಲ. ಬಡವರ ಹೊಟ್ಟೆಗೆ ಹೆಚ್ಚು ಸಿಗಲಿ ಎಂದು ಮನೆಯ ತೋಟವನ್ನೇ ಆಳವಾಗಿ ಅಗೆದು ಗೋಧಿ ಬೆಳೆಸುವ ಪ್ರಯೋಗ ಮಾಡಿದರು. ಮಗಳು ಎಲಿಜಬೆತ್ ಅದೇ ಊರಲ್ಲಿ ಕೂಲಿಕಾರರು ಹೆಂಡದಂಗಡಿ ಕಡೆ ಹೋಗದಿರಲೆಂದು ಕಾಫಿ ಕೋಣೆ ತೆರೆದಳು. 1899ರ ಜುಲೈ 24ರಂದು, 96ನೇ ವಯಸ್ಸಿನಲ್ಲಿ ಕಾಟನ್ ತೀರಿಕೊಂಡರು.

ಗೋದಾವರಿಯ ಹಳೆಯ ಅಣೆಕಟ್ಟಿನ ಜಾಗದಲ್ಲಿ ಈಗ ಹೊಸ ಬ್ಯಾರೇಜ್ ಇದೆ, ಹೆಸರು ಮಾತ್ರ ಕಾಟನ್ ಅವರದ್ದೇ. ಊರೂರಲ್ಲಿ ಅವರ ಪ್ರತಿಮೆಗಳಿವೆ. ಜನ ಅವರನ್ನು ಅಪರ ಭಗೀರಥ ಎನ್ನುತ್ತಾರೆ. ಗೋದಾವರಿಯಲ್ಲಿ ಪಿತೃಗಳಿಗೆ ತರ್ಪಣ ಬಿಡುವಾಗ, ಅಪ್ಪ ಅಜ್ಜಂದಿರ ಹೆಸರಿನ ಜೊತೆಗೆ ಈ ಕ್ರೈಸ್ತ ಎಂಜಿನಿಯರ್ ಹೆಸರನ್ನೂ ಹೇಳಿ ಒಂದು ಬೊಗಸೆ ನೀರು ಬಿಡುವವರು ಇಂದಿಗೂ ಇದ್ದಾರೆ.