ಸೇತುವೆಯ ಶಿಲ್ಪಿ ರಾಬರ್ಟ್ ಸ್ಟೀಫನ್‌ಸನ್

ರಾಬರ್ಟ್ ಸ್ಟೀಫನ್‌ಸನ್ 1803ರ ಅಕ್ಟೋಬರ್ 16ರಂದು ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿರುವ ವಿಲ್ಲಿಂಗ್ಟನ್ ಕೀ ಎಂಬಲ್ಲಿ ಜನಿಸಿದನು. ಎಳವೆಯಲ್ಲಿಯೇ ತಾಯಿ ತೀರಿಕೊಂಡಳು. ತಂದೆ ಜಾರ್ಜ್ ಗಣಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು. ಹದಿನೆಂಟು ವರ್ಷ ತುಂಬುವವರೆಗೂ ಅವನಿಗೆ ಓದು ಬರಹ ಬಾರದು. ಅವನು ರಾತ್ರಿಯ ವೇಳೆ ಗಡಿಯಾರಗಳನ್ನು ರಿಪೇರಿ ಮಾಡಿ ಹಣ ಕೂಡಿಸಿ ಮಗನನ್ನು ನ್ಯೂಕ್ಯಾಸಲ್ಲಿನ ಶಾಲೆಗೆ ಕಳುಹಿಸಿದನು. ಬಾಲಕನು ಕತ್ತೆಯನ್ನೇರಿ ಶಾಲೆಗೆ ಹೋಗಿಬರುತ್ತಿದ್ದನು. ಅವನು ಕಲಿತು ಬಂದುದನ್ನು ತಂದೆಯೂ ಜೊತೆಯಲ್ಲಿ ಕುಳಿತು ಕಲಿಯುತ್ತಿದ್ದನು. ಮಗನೇ ತಂದೆಗೆ ಗುರುವಾಗುವ ಭಾಗ್ಯ ಎಷ್ಟು ಮನೆಗಳಿಗುಂಟು!

1829ರಲ್ಲಿ 'ರಾಕೆಟ್' ಎಂಜಿನ್ ಸ್ಪರ್ಧೆಯಲ್ಲಿ ಗೆದ್ದ ಮೇಲೆ ಅವನ ಕೀರ್ತಿ ಬೆಳೆಯಿತು. ಆದರೆ 1847ರ ಮೇ 24ರ ಸಂಜೆ ಚೆಸ್ಟರ್ ನಗರದ ಬಳಿ ಅವನೇ ಯೋಜಿಸಿದ್ದ ಡೀ ಸೇತುವೆಯ ಎರಕದ ಕಬ್ಬಿಣದ ತೊಲೆ ಮುರಿಯಿತು. ಎಂಜಿನ್ ಆಚೆಯ ದಡ ಸೇರಿತು; ಗಾಡಿಗಳು ನದಿಗೆ ಬಿದ್ದವು. ಐವರು ಸತ್ತರು. ಮರದ ಹಲಗೆಗಳಿಗೆ ಬೆಂಕಿ ತಗಲದಿರಲೆಂದು ಅಂದೇ ಹಾಸಿದ್ದ ಜಲ್ಲಿಯ ಭಾರವೂ ತೊಲೆಯ ಮೇಲಿತ್ತು. ಗಾಡಿ ಹಳಿ ತಪ್ಪಿ ತೊಲೆಗೆ ಬಡಿದುದೇ ಕಾರಣವೆಂದು ರಾಬರ್ಟನು ವಿಚಾರಣೆಯಲ್ಲಿ ವಾದಿಸಿದನು. ಆ ಮಾತು ತನಿಖೆ ನಡೆಸಿದವರಿಗೆ ಒಪ್ಪಿಗೆಯಾಗಲಿಲ್ಲ. ತೊಲೆಯೇ ದುರ್ಬಲವಾಗಿತ್ತೆಂಬುದು ಅವರ ಅಭಿಪ್ರಾಯ.

ಸರ್ಕಾರವು ಆಯೋಗವನ್ನು ನೇಮಿಸಿತು. ಕೇಂಬ್ರಿಜ್ಜಿನ ರಾಬರ್ಟ್ ವಿಲ್ಲಿಸನು ಕಬ್ಬಿಣದ ಪಟ್ಟಿಗಳ ಮೇಲೆ ಭಾರದ ಗಾಡಿಯನ್ನು ಉರುಳಿಸಿ ಪರೀಕ್ಷಿಸಿದನು. ನಿಂತ ಭಾರಕ್ಕಿಂತ ಓಡುವ ಭಾರವೇ ಪಟ್ಟಿಯನ್ನು ಹೆಚ್ಚಾಗಿ ಬಾಗಿಸುವುದೆಂದು ಕಂಡುಬಂದಿತು. 1849ರಲ್ಲಿ ಸ್ಟೋಕ್ಸ್ ಎಂಬ ಗಣಿತಜ್ಞನು ಇದಕ್ಕೆ ಲೆಕ್ಕವನ್ನು ಒದಗಿಸಿದನು. ಮುಂದೆ ಈ ವಿಚಾರವು ಬಹುದೂರ ಬೆಳೆಯಿತು. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತೂಗಿದರೆ ಕಿರುಬೆರಳೂ ಸಾಕಲ್ಲವೆ? ಸೇತುವೆಗೂ ತನ್ನದೇ ಆದ ಕಂಪನಲಯವುಂಟು. ಸಮಾನ ಅಂತರದಲ್ಲಿರುವ ಗಾಲಿಗಳು ಅದೇ ಲಯದಲ್ಲಿ ಒಂದಾದ ಮೇಲೊಂದು ಹಾಯ್ದರೆ ನಡುಕವು ಏರುತ್ತ ಹೋಗುತ್ತದೆ, ಇದೇ ಅನುರಣನ. ಅಂದಿನ ರೈಲುಗಳಿಗೆ ಅಷ್ಟು ವೇಗವಿರಲಿಲ್ಲ. 1981ರಲ್ಲಿ ಆರಂಭವಾದ ಪ್ಯಾರಿಸ್–ಲಿಯೋನ್ ಅತಿವೇಗದ ಮಾರ್ಗದಲ್ಲಿಯಾದರೋ ಕೆಲವು ಕಿರುಸೇತುವೆಗಳ ಜಲ್ಲಿಯೇ ಈ ನಡುಕದಿಂದ ಸಡಿಲಗೊಂಡಿತು.

ಡೀ ಸೇತುವೆ ಮುರಿದಾಗ ರಾಬರ್ಟನು ಮೆನಾಯ್ ಜಲಸಂಧಿಗೆ ಬ್ರಿಟಾನಿಯ ಸೇತುವೆಯನ್ನು ಕಟ್ಟಿಸುತ್ತಿದ್ದನು. 460 ಅಡಿಗಳ ಎರಡು ಅಂಕಣಗಳು. ರೈಲು ಓಡಬೇಕಾದುದು ಮೆದುಕಬ್ಬಿಣದ ಪೆಟ್ಟಿಗೆಯಂತಹ ಕೊಳವೆಯೊಳಗೆ! ಚಿಂತೆಯಿಂದ ಅವನಿಗೆ ಎಷ್ಟೋ ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಫೇರ್‌ಬೇರ್ನನು ಆರನೆಯ ಒಂದರಷ್ಟು ಗಾತ್ರದ ಮಾದರಿಯನ್ನು ಮಾಡಿ, ಮುರಿಯುವವರೆಗೆ ಭಾರ ಹೇರಿ, ಮುರಿದೆಡೆಯನ್ನು ಬಲಪಡಿಸಿ, ಮತ್ತೆ ಭಾರ ಹೇರಿ ನೋಡಿದನು. ಆಸರೆಯ ಸರಪಳಿಗಳೇ ಬೇಡವೆಂದಾಯಿತು. ಅವುಗಳಿಗಾಗಿ ಗೋಪುರಗಳಲ್ಲಿ ಬಿಟ್ಟಿದ್ದ ಕಂಡಿಗಳು ಬರಿದಾಗಿಯೇ ಉಳಿದವು. 1850ರಲ್ಲಿ ತೆರೆದ ಆ ಸೇತುವೆಯ ಕೊಳವೆಗಳು 1970ರ ಬೆಂಕಿಯಲ್ಲಿ ಕೆಡುವವರೆಗೆ ರೈಲುಗಳನ್ನು ಹೊತ್ತವು.

1859ರ ಅಕ್ಟೋಬರ್ 12ರಂದು ರಾಬರ್ಟನು ನಿಧನನಾದನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಎಂಜಿನಿಯರ್ ಟೆಲ್‌ಫರ್ಡನ ಪಕ್ಕದಲ್ಲಿ ಅವನನ್ನು ಸಮಾಧಿ ಮಾಡಿದರು. ಕೆನಡದ ಮಾಂಟ್ರಿಯಲ್ಲಿನಲ್ಲಿ ಅವನು ಯೋಜಿಸಿದ್ದ ವಿಕ್ಟೋರಿಯ ಸೇತುವೆಯ ಮೇಲೆ ರೈಲು ಓಡಿದುದು ಅದೇ ಡಿಸೆಂಬರಿನಲ್ಲಿ.