ಒಡಕು ದನಿಯ ಶಿಲ್ಪಿ

ನನ್ನ ಬಾಲ್ಯದಲ್ಲಿ ಮನೆಯ ವಾಲ್ವ್ ರೇಡಿಯೋವನ್ನು ಅತಿಯಾಗಿ ಏರಿಸಿದರೆ ದನಿ ಒಡೆಯುತ್ತಿತ್ತು, ತಂದೆಯವರು ಗದರುತ್ತಿದ್ದರು. ಅಂಥ ಒಡಕನ್ನೇ ತಾನು ಬಯಸದೆ ಸಂಗೀತಕ್ಕಿತ್ತ ಲಿಯೋ ಫೆಂಡರನ ಬಾಳು ನನಗೊಂದು ಸೋಜಿಗ.

1909ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಅವನು ಬಾಲ್ಯದಲ್ಲಿಯೇ ಒಂದು ಕಣ್ಣನ್ನು ಕಳೆದುಕೊಂಡನು. ಲೆಕ್ಕಿಗನ ಕೆಲಸ ಹೋದಮೇಲೆ 1938ರಲ್ಲಿ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದನು. ಗಿಟಾರ್ ನುಡಿಸಲು ಅವನು ಎಂದೂ ಕಲಿಯಲಿಲ್ಲ. ಅವನ ಆಂಪ್ಲಿಫೈಯರುಗಳ ಗುರಿ ನಿರ್ಮಲ ನಾದ. ವಾದಕರೋ ಅವನ್ನು ಮಿತಿಮೀರಿ ಏರಿಸಿದರು. ವಾಲ್ವುಗಳು ತಾಳಲಾರದೆ ನಾದದ ಅಲೆಗಳ ತುದಿ ಮೊಂಡಾಯಿತು, ದನಿ ಒಡೆದೂ ಇಂಪಾಯಿತು.

1965ರಲ್ಲಿ ಸಂಸ್ಥೆಯನ್ನು ಮಾರಿದ ಫೆಂಡರ್ 1991ರಲ್ಲಿ ತೀರಿಕೊಂಡನು. ಇಂದು ಕಾಲಿನಿಂದೊತ್ತುವ ಪುಟ್ಟ ಓವರ್‌ಡ್ರೈವ್ ಪೆಡಲುಗಳು ಕೆಲವು, ವಾಲ್ವಿಲ್ಲದೆಯೇ, ಅವನ ಬಾಸ್‌ಮನ್ನಿನ ಒಡಕನ್ನು ಅನುಕರಿಸುತ್ತವೆ. ಅವನು ದೂರವಿಡಬಯಸಿದ ದೋಷವನ್ನು ಲೋಕವು ಗುಣವೆಂದು ಕಾಪಾಡಿಕೊಂಡಿದೆ.