ಕೆಂಡದ ರುಚಿಯನ್ನು ಬರೆದಿಟ್ಟ ಚಕ್ರವರ್ತಿ: ಮೂರನೆಯ ಸೋಮೇಶ್ವರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮನೆಗಳಲ್ಲಿ ರಜಾದಿನದ ಸಂಜೆ ನೆಂಟರಿಷ್ಟರು ಅಂಗಳದಲ್ಲಿ ಸೇರಿದಾಗ ಒಂದು ಸಣ್ಣ ವಾಗ್ವಾದ ಹುಟ್ಟಿಕೊಳ್ಳುವುದುಂಟು. ಮಸಾಲೆ ಹಚ್ಚಿಟ್ಟ ಕೋಳಿಯನ್ನು ಅಥವಾ ಬಂಗುಡೆಯನ್ನು ಸುಡಬೇಕಾದುದು ಇದ್ದಿಲ ಕೆಂಡದಲ್ಲೋ, ಗ್ಯಾಸಿನ ಉರಿಯಲ್ಲೋ ಎಂಬುದೇ ಆ ವಾದ. ಹಿತ್ತಲಲ್ಲಿ ತೆಂಗಿನ ಗೆರಟೆ ರಾಶಿ ಬಿದ್ದಿರುವಾಗ ಸಿಲಿಂಡರಿನ ಹಂಗೇಕೆ ಎಂಬುದು ಹಿರಿಯರ ಪಕ್ಷ. ಕೆಂಡ ಹದಕ್ಕೆ ಬರುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ ಎಂಬುದು ಕಿರಿಯರ ಪಕ್ಷ. ಮಂಗಳೂರಿನಿಂದ ಹೊರಟು ಘಟ್ಟ ಹತ್ತಿ ಹಾಸನ, ಮೈಸೂರು, ಬೆಂಗಳೂರುಗಳತ್ತ ಸಾಗುವ ಅಡುಗೆ ಅನಿಲದ ಕೊಳವೆಮಾರ್ಗ ಇರುವ ಜಿಲ್ಲೆಯಿದು. ಅಂತೆಯೇ ತೆಂಗು, ಕಂಗುಗಳ ನಾಡೂ ಹೌದು. ಎರಡೂ ಪಕ್ಷಗಳಿಗೆ ಇಲ್ಲಿ ಸಾಮಗ್ರಿಯ ಕೊರತೆಯಿಲ್ಲ.

ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಮ್ಮತಕ್ಕೆ ಬರುವುದುಂಟು. ಬಾರ್ಬೆಕ್ಯೂ ಎಂಬ ಹೆಸರು ಹೊರಗಿನಿಂದ ಬಂದುದಾದ್ದರಿಂದ ಈ ಪದ್ಧತಿಯೂ ಪರದೇಶದ ಶೋಕಿಯೇ ಸರಿ ಎಂಬ ಭಾವನೆ ಅದು. ಈ ಭಾವನೆ ಸರಿಯಲ್ಲ. ಸುಮಾರು 900 ವರ್ಷಗಳ ಹಿಂದೆ, ಕನ್ನಡ ನಾಡಿನ ಚಕ್ರವರ್ತಿಯೊಬ್ಬ ಮಾಂಸವನ್ನು ಕಂಬಿಗೆ ಚುಚ್ಚಿ ಕೆಂಡದಲ್ಲಿ ಸುಡುವ ಕ್ರಮವನ್ನು ತನ್ನ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾನೆ. ಆತನೇ ಕಲ್ಯಾಣ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಅರ್ಧ ಶತಮಾನ ಕಾಲ ರಾಜ್ಯವಾಳಿದ. ಪಟ್ಟಕ್ಕೆ ಬಂದ ವರ್ಷದಿಂದಲೇ ತನ್ನ ಹೆಸರಿನ ಹೊಸ ಶಕೆಯನ್ನು ಆರಂಭಿಸಿದ ಪ್ರತಾಪಶಾಲಿ ಆತ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಅವನ ಆಸ್ಥಾನದಲ್ಲಿದ್ದು ಅವನ ಚರಿತೆಯನ್ನು ಕಾವ್ಯವಾಗಿಸಿದ. ಮಿತಾಕ್ಷರಾ ಎಂಬ ಪ್ರಸಿದ್ಧ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನೂ ಅಲ್ಲಿಯವನೇ. ಇಂತಹ ತಂದೆಯ ಮಗನಾಗಿ ಸಿಂಹಾಸನವನ್ನೇರುವುದು ಸುಲಭದ ಮಾತಲ್ಲ. ಮಗ ಏನನ್ನೇ ಮಾಡಿದರೂ ಅದನ್ನು ತಂದೆಯ ತಕ್ಕಡಿಯಲ್ಲಿಟ್ಟು ತೂಗುವ ಜನ ಸುತ್ತಲೂ ಇರುತ್ತಾರೆ.

1126ರಲ್ಲಿ ಪಟ್ಟಕ್ಕೆ ಬಂದ ಸೋಮೇಶ್ವರ 1138ರವರೆಗೆ ಆಳಿದ. ಭೂಲೋಕಮಲ್ಲ ಎಂಬುದು ಅವನ ಬಿರುದು. ಅದಕ್ಕಿಂತ ಹೆಚ್ಚು ಅವನಿಗೆ ಒಪ್ಪುವ ಬಿರುದು ಸರ್ವಜ್ಞ ಚಕ್ರವರ್ತಿ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಹೆಸರಿಗೆ ಮಾತ್ರ ಸಾಮಂತನಾಗಿ ಉಳಿದು ತನ್ನ ಬಲವನ್ನು ಬೆಳೆಸಿಕೊಳ್ಳುತ್ತಿದ್ದ. ಪೂರ್ವದ ವೆಂಗಿಯ ಮೇಲಿನ ಹಿಡಿತ ಕೈತಪ್ಪಿತು. ಕರಾವಳಿಯ ತುಳುನಾಡಿನಲ್ಲಿ ಆಗ ಆಳುತ್ತಿದ್ದವರು ಆಳುಪರು. ಕಾಲಕಾಲಕ್ಕೆ ದೊಡ್ಡ ಸಾಮ್ರಾಜ್ಯಗಳ ಮೇಲಧಿಕಾರವನ್ನು ಒಪ್ಪಿಯೂ ತಮ್ಮ ನೆಲೆಯನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಮನೆತನ ಅದು. ಸಾಮ್ರಾಜ್ಯದ ಅಂಚುಗಳು ಹೀಗೆ ಸಡಿಲವಾಗುತ್ತಿದ್ದ ಹೊತ್ತಿನಲ್ಲಿ ಚಕ್ರವರ್ತಿ ತೊಡಗಿಕೊಂಡದ್ದು ಗ್ರಂಥರಚನೆಯಲ್ಲಿ. ತಂದೆಯನ್ನು ಕುರಿತು ವಿಕ್ರಮಾಂಕಾಭ್ಯುದಯ ಎಂಬ ಸಂಸ್ಕೃತ ಗದ್ಯಕೃತಿಯನ್ನು ಬರೆದ. ಅವನ ಹೆಸರನ್ನು ಉಳಿಸಿದ್ದು ಮಾತ್ರ 1129ರ ಸುಮಾರಿಗೆ ರಚಿತವಾದ ಮಾನಸೋಲ್ಲಾಸ. ಇದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಮತ್ತೊಂದು ಹೆಸರೂ ಇದೆ.

ಸಂಸ್ಕೃತ ಪದ್ಯದಲ್ಲಿರುವ ಈ ಗ್ರಂಥದಲ್ಲಿ 5 ವಿಂಶತಿಗಳಿವೆ. ಒಂದೊಂದರಲ್ಲಿ 20 ಅಧ್ಯಾಯಗಳಂತೆ ಒಟ್ಟು 100 ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು, ಪಡೆದುದನ್ನು ಸ್ಥಿರಗೊಳಿಸುವುದು, ಅರಸನ ಉಪಭೋಗಗಳು, ವಿನೋದಗಳು, ಕ್ರೀಡೆಗಳು ಎಂಬುದು ಅದರ ಸ್ಥೂಲ ವಿಂಗಡಣೆ. ಕೋಟೆ, ಆನೆ, ರತ್ನ, ಚಿತ್ರಕಲೆ, ಸಂಗೀತ, ನೃತ್ಯ, ಕುಸ್ತಿ, ಸುಗಂಧ ದ್ರವ್ಯ ಹೀಗೆ ಅದು ಮುಟ್ಟದ ವಿಷಯ ವಿರಳ. ಮೀನು ಹಿಡಿಯುವ ವಿನೋದಕ್ಕೂ ಅಲ್ಲಿ ಸ್ಥಾನವಿದೆ. 35ರಷ್ಟು ಬಗೆಯ ಮೀನುಗಳನ್ನು ಹೆಸರಿಸಿ, ಯಾವುದಕ್ಕೆ ಎಂತಹ ಆಹಾರ ಹಾಕಬೇಕೆಂದು ತಿಳಿಸುವ ಆ ಭಾಗವನ್ನು 1951ರಲ್ಲಿ ಖ್ಯಾತ ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅಭ್ಯಾಸ ಮಾಡಿ ಪ್ರಕಟಿಸಿದರು.

ನಮ್ಮ ವಾಗ್ವಾದಕ್ಕೆ ಸಂಬಂಧಿಸಿದ್ದು ಅನ್ನಭೋಗ ಎಂಬ ಅಧ್ಯಾಯ. ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರಾದ ಇಡ್ಡರಿಕಾ, ದೋಸಕ, ವಟಕಗಳು ಅಲ್ಲಿವೆ. ಅದೇ ಅಧ್ಯಾಯದಲ್ಲಿ ಹಂದಿಯ ರೋಮವನ್ನು ಬಿಸಿನೀರಿನಿಂದಲೋ ಹುಲ್ಲಿನ ಉರಿಯಿಂದಲೋ ತೆಗೆದು ಬೆಂಕಿಯಲ್ಲಿ ಸುಡುವ ವಿಧಾನವೂ ಇದೆ. ಭಡಿತ್ರಕ ಎಂಬ ಖಾದ್ಯವಂತೂ ಇಂದಿನ ಕಬಾಬಿನ ಹಿರಿಯಣ್ಣನೇ ಸರಿ. ಮಾಂಸವನ್ನು ತುಂಡುಗಳಾಗಿ ಕೊಯ್ದು, ರಂಧ್ರ ಮಾಡಿ ಮಸಾಲೆ ತುಂಬಿ, ಕಂಬಿಗೆ ಪೋಣಿಸಿ ಕೆಂಡದ ಮೇಲೆ ಸುಡುವುದು ಅದರ ಕ್ರಮ. ಇಂಗು, ಸೈಂಧವ ಲವಣ, ಹುಳಿಹಣ್ಣುಗಳ ರಸ, ಮೆಣಸು ಇವು ಈ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಸಾಮಗ್ರಿಗಳು. ಹಸಿಮೆಣಸಿನಕಾಯಿ ಇನ್ನೂ ಭಾರತಕ್ಕೆ ಬಂದಿರಲಿಲ್ಲವಾದ್ದರಿಂದ ಖಾರವೆಂದರೆ ಕಾಳುಮೆಣಸಿನದೇ. ಹೊಲದ ಇಲಿ, ಆಮೆ, ಏಡಿಗಳೂ ಅರಸನ ಪಟ್ಟಿಯಲ್ಲಿವೆ. ಅಕ್ಕಿ ಬೇಳೆಯ ತಿಂಡಿಯನ್ನು ಬರೆದ ಲೇಖನಿಯಿಂದಲೇ, ಅದೇ ಆದರದಿಂದ, ಇವನ್ನೂ ಆತ ಬರೆದ. ಒಂದನ್ನು ಎತ್ತಿ ಇನ್ನೊಂದನ್ನು ಮುಚ್ಚಿಡುವ ಸಂಕೋಚ ಆತನಲ್ಲಿ ಕಾಣುವುದಿಲ್ಲ. ಊಟದ ತಟ್ಟೆಯನ್ನು ನೋಡಿ ಮನುಷ್ಯನನ್ನು ಅಳೆಯುವ ನಮ್ಮ ಕಾಲಕ್ಕೆ ಇದು ಸಣ್ಣ ಪಾಠವೇನಲ್ಲ.

ಆ ಅರಸನಿಗೆ ಗ್ಯಾಸು ಗೊತ್ತಿರಲಿಲ್ಲ. ಆದರೂ ಮಾಂಸದ ಹದ, ಹುಳಿ ಉಪ್ಪುಗಳ ಪ್ರಮಾಣ, ಶಾಖ ತಾಗಬೇಕಾದ ಬಗೆ ಇವುಗಳ ಕಡೆಗೇ ಆತನ ಗಮನವಿತ್ತೆಂಬುದು ಇಂದಿನ ವಾದಕ್ಕೂ ದಾರಿದೀಪ. ಇದ್ದಿಲು ಎಂದರೆ ಕಟ್ಟಿಗೆಯನ್ನು ಅಥವಾ ಗೆರಟೆಯನ್ನು ಸಾಕಷ್ಟು ಗಾಳಿಯಾಡದಂತೆ ಸುಟ್ಟು, ತೇವವನ್ನೂ ಹೊಗೆಯಾಗುವ ಅಂಶಗಳನ್ನೂ ಕಳೆದು ಉಳಿಸಿಕೊಂಡ ಇಂಗಾಲ. ಹೀಗಾಗಿ ಮೇಲೆ ಬಿಳಿಬೂದಿ ಕಟ್ಟಿದ ಕೆಂಡಕ್ಕೆ ಸ್ವಂತ ಹೊಗೆ ಕಡಿಮೆ. ಮಾಂಸದ ಕೊಬ್ಬು, ಮಸಾಲೆಯ ರಸ ಕೆಂಡದ ಮೇಲೆ ತೊಟ್ಟಿಕ್ಕಿ, ಹೊಗೆಯಾಗಿ ಮೇಲೇರಿ ಮತ್ತೆ ಮಾಂಸಕ್ಕೆ ಅಂಟುವುದೇ ಆ ಪರಿಮಳದ ಮುಖ್ಯ ಗುಟ್ಟು. ಗ್ಯಾಸಿನ ಒಲೆಯಲ್ಲೂ ಬರ್ನರಿನ ಮೇಲಿನ ಕಾದ ತಗಡಿಗೋ ಕಲ್ಲಿಗೋ ಕೊಬ್ಬು ಬಿದ್ದರೆ ಈ ಕ್ರಿಯೆ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಗ್ಯಾಸು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಕೆಂಡದ ಶಾಖ ಒಣದು, ತೀಕ್ಷ್ಣವಾದದ್ದು. ಹೊರಮೈ ಕೆಂಪಗೆ ಗರಿಯಾಗಲು ಕೆಂಡ ಮೇಲು. ಉರಿಯನ್ನು ಬೇಕೆಂದಾಗ ಏರಿಸಿ ಇಳಿಸಲು ಗ್ಯಾಸು ಮೇಲು. ಗಟ್ಟಿಯಾದ ಗೆರಟೆಯ ಇದ್ದಿಲು ಹೆಚ್ಚು ಹೊತ್ತು ನಿಲ್ಲುತ್ತದೆ, ಬೂದಿಯೂ ಕಡಿಮೆ. ಆದರೆ ಕೆಂಡವನ್ನು ಮುಚ್ಚಿದ ಕೋಣೆಯೊಳಗೆ ತರಲೇಬಾರದು. ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಅದರಿಂದ ಹೊಮ್ಮಿ ಪ್ರಾಣಕ್ಕೇ ಎರವಾಗುತ್ತದೆ.

ಕೆಂಡ ಮಾಂಸಾಹಾರಿಗಳ ಸೊತ್ತು ಮಾತ್ರವಲ್ಲ ಎಂಬುದನ್ನೂ ಇಲ್ಲಿ ಸ್ಮರಿಸಬೇಕು. ಬಸದಿಗಳ ಊರಾದ ಮೂಡುಬಿದಿರೆಯ ಆಸುಪಾಸಿನಲ್ಲಿ ಸುಟ್ಟ ಬದನೆಯ ಗೊಜ್ಜಿನ ಸವಿಯನ್ನು ತಿಳಿಯದವರು ಕಡಿಮೆ. ಬಾಳೆ ಎಲೆಯಲ್ಲಿ ಸುತ್ತಿದ ಮೀನನ್ನು ಕೆಂಡದಲ್ಲಿಡುವುದು, ಹಲಸಿನ ಬೀಜವನ್ನೂ ಗೇರುಬೀಜವನ್ನೂ ಸುಟ್ಟು ತಿನ್ನುವುದು ಈ ಮೂರೂ ಕಡೆ ಹಿರಿಯರಿಂದ ಬಂದ ರೂಢಿ. ಇವೆಲ್ಲಕ್ಕೂ ಬಾರ್ಬೆಕ್ಯೂ ಎಂಬ ಹೆಸರು ಬೇಕಾಗಿರಲಿಲ್ಲ.

1138ರಲ್ಲಿ ಸೋಮೇಶ್ವರ ತೀರಿಕೊಂಡ. ಮಕ್ಕಳಾದ ಇಮ್ಮಡಿ ಜಗದೇಕಮಲ್ಲ ಮತ್ತು ಮುಮ್ಮಡಿ ತೈಲಪರು ಒಬ್ಬರ ನಂತರ ಒಬ್ಬರು ಆಳಿದರು. ತೈಲಪನ ಕಾಲದಲ್ಲಿ ಕಳಚೂರಿ ಬಿಜ್ಜಳ ಅಧಿಕಾರವನ್ನು ಕಸಿದುಕೊಂಡ. ಬಸವಣ್ಣನವರ ಕಲ್ಯಾಣ ಆ ಬಿಜ್ಜಳನ ಕಲ್ಯಾಣವೇ. 12ನೆಯ ಶತಮಾನ ಮುಗಿಯುವಷ್ಟರಲ್ಲಿ ಚಾಲುಕ್ಯ ಸಾಮ್ರಾಜ್ಯ ಇತಿಹಾಸವನ್ನು ಸೇರಿತು. ಕತ್ತಿ ಹಿಡಿಯಬೇಕಾದ ಹೊತ್ತಿನಲ್ಲಿ ಲೇಖನಿ ಹಿಡಿದುದೇ ಪತನಕ್ಕೆ ನಾಂದಿಯಾಯಿತೆಂದು ಸೋಮೇಶ್ವರನನ್ನು ದೂರಬಹುದು. ಆದರೆ ತಂದೆ ಕತ್ತಿಯಿಂದ ಗೆದ್ದ ನೆಲವೂ ವಂಶದ ಕೈಯಲ್ಲಿ ಉಳಿಯಲಿಲ್ಲವಲ್ಲ!

ಉಳಿದದ್ದು ಗ್ರಂಥ. ಧವಲಾ ಗ್ರಂಥಗಳ ತಾಳೆಗರಿಗಳನ್ನು ಮೂಡುಬಿದಿರೆ ಶತಮಾನಗಳ ಕಾಲ ಕಾಪಾಡಿದಂತೆ, ಮಾನಸೋಲ್ಲಾಸವನ್ನೂ ಹಸ್ತಪ್ರತಿಗಳು ಕಾಪಾಡಿದವು. 1925ರಲ್ಲಿ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು. ಅದರಲ್ಲಿನ ಪಾಕಕ್ರಮಗಳನ್ನು ಅರಸನೇ ಒಲೆಯ ಮುಂದೆ ಕುಳಿತು ಕಂಡುಹಿಡಿದಿರಲಾರ. ಅವು ಅರಮನೆಯ ಅಡುಗೆಯವರ, ಬೇಟೆಗಾರರ, ಬೆಸ್ತರ ಅನುಭವದ ಫಲ. ಅವರ ಹೆಸರುಗಳು ಯಾವ ಶಾಸನದಲ್ಲೂ ಇಲ್ಲ. ಅವರ ತಿಳಿವಳಿಕೆಯನ್ನು ರತ್ನಪರೀಕ್ಷೆ, ಸಂಗೀತಗಳ ಪಕ್ಕದಲ್ಲಿಟ್ಟು ಬರೆದದ್ದೇ ಸೋಮೇಶ್ವರನ ದೊಡ್ಡತನ.

ಮುಂದಿನ ಸಲ ಅಂಗಳದಲ್ಲಿ ಕೆಂಡವೋ ಗ್ಯಾಸೋ ಎಂಬ ವಾದ ಎದ್ದಾಗ ಈ ಅರಸನನ್ನು ನೆನೆಯೋಣ. ಸಮಯವಿದ್ದವರು ಗೆರಟೆಗೆ ಬೆಂಕಿ ಹಚ್ಚಲಿ, ಇಲ್ಲದವರು ಗ್ಯಾಸಿನ ಗುಬ್ಬಿ ತಿರುಗಿಸಲಿ. ಅಜ್ಜಿ ಬಂಗುಡೆಗೆ ಹುಣಸೆ ಎಷ್ಟು ಹಾಕುತ್ತಿದ್ದರು, ಎಷ್ಟು ಹೊತ್ತು ನೆನೆಸುತ್ತಿದ್ದರು ಎಂಬುದನ್ನು ಮಾತ್ರ ಯಾರಾದರೂ ಒಬ್ಬರು ಬರೆದಿಟ್ಟುಕೊಳ್ಳಲಿ.